ಸರ್ವರ್ ಅಪ್‌ಡೇಟ್‌ಗೆ ಮುಂಚೆ ಕಾನ್ಫಿಗ್ ಫೈಲ್‌ಗಳ ಲೆಕ್ಕ ಬರೆದಿಡಿ: ವರ್ಷನ್ ಕಂಟ್ರೋಲ್ ಬಳಸುವುದು ಹೇಗೆ?

ಡ್ಯಾನ್‌ವಿಲ್ (ಸ್ಯಾನ್‌ಫ್ರಾನ್ಸಿಸ್ಕೊ ಬೇ ಏರಿಯಾ): ಗಲ್ಫ್‌ನ ಸಣ್ಣ ಕಂಪನಿಗಳಲ್ಲಿ ಐಟಿ ಕೆಲಸ ಅಂದ್ರೆ ಎಂತ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರಿಂಟರ್, ಸಿಸಿ ಕ್ಯಾಮೆರಾ, ಇಮೇಲ್, ಅಕೌಂಟ್ಸ್ ಸರ್ವರ್ ಎಲ್ಲವೂ ಒಬ್ಬನದೇ ತಲೆ ಮೇಲೆ. ವಾರದ ರಜೆಯ ರಾತ್ರಿ ಸರ್ವರ್ ಅಪ್‌ಡೇಟ್ ಮಾಡಿ ಮಲಗಿದರೆ, ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಫೋನ್: ಬಿಲ್ಲಿಂಗ್ ಓಪನ್ ಆಗ್ತಾ ಇಲ್ಲ. ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ "ಏನಾಯ್ತು" ಅಂತಲ್ಲ, "ಯಾರು ಮುಟ್ಟಿದ್ದು" ಅಂತ. ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಕಾಗುವುದಿಲ್ಲ. ತಾರೀಖು, ಹೆಸರು, ಹಳೆಯ ಸಾಲು, ಹೊಸ ಸಾಲು ಇಷ್ಟನ್ನೂ ತೋರಿಸುವ ದಾಖಲೆ ಬೇಕು. ಆ ದಾಖಲೆಯನ್ನು ತಾನೇ ಬರೆದಿಡುವ ವಿಧಾನಕ್ಕೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಸಾಫ್ಟ್‌ವೇರ್ ಬರೆಯುವವರು ದಿನಾ ಬಳಸುವ ಈ ವಿಧಾನವನ್ನು ಸರ್ವರ್ ನೋಡಿಕೊಳ್ಳುವವರು ಯಾಕೋ ದೂರವೇ ಇಟ್ಟಿದ್ದಾರೆ.

ಇದಕ್ಕೂ ಡ್ಯಾನ್‌ವಿಲ್‌ಗೂ ಎಂತ ಸಂಬಂಧ ಅಂತ ಕೇಳಬಹುದು. ಡಯಾಬ್ಲೊ ಬೆಟ್ಟದ ಬುಡದ ಈ ಸಣ್ಣ ಪಟ್ಟಣ, ಪಕ್ಕದ ಸ್ಯಾನ್ ರಮೋನ್, ಡಬ್ಲಿನ್, ಪ್ಲೆಸೆಂಟನ್ ಇಲ್ಲೆಲ್ಲ ಕನ್ನಡದ ಮನೆಗಳು ಬೇಕಾದಷ್ಟು ಉಂಟು. ಒಬ್ಬ ಅಣ್ಣ ದುಬೈಯಲ್ಲಿ, ತಮ್ಮ ಬೇ ಏರಿಯಾದಲ್ಲಿ ಎನ್ನುವ ಕುಟುಂಬಗಳು ನಮ್ಮ ಓದುಗರಲ್ಲೂ ಇವೆ. ಆದರೆ ನಮ್ಮ ವಿಷಯಕ್ಕೆ ಬೇಕಾದ ಊರು ಡ್ಯಾನ್‌ವಿಲ್‌ನಿಂದ 680 ನಂಬರ್ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 15 ಕಿ.ಮೀ. ದೂರದ ವಾಲ್‌ನಟ್ ಕ್ರೀಕ್.

1991ರಲ್ಲಿ ಅಲ್ಲಿ ವಾಲ್‌ನಟ್ ಕ್ರೀಕ್ ಸಿಡಿರಾಮ್ ಎಂಬ ಕಂಪನಿ ಶುರುವಾಯಿತು. ಇಂಟರ್‌ನೆಟ್ ಆಮೆ ನಡಿಗೆಯಲ್ಲಿದ್ದ ಕಾಲ. ಉಚಿತ ಸಾಫ್ಟ್‌ವೇರನ್ನು ಸಿಡಿಗೆ ಹಾಕಿ ಅಂಚೆಯಲ್ಲಿ ಕಳಿಸುವುದು ಇವರ ವ್ಯಾಪಾರ. 1993ರಲ್ಲಿ ಹುಟ್ಟಿದ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ಗೆ ಯಂತ್ರ, ಇಂಟರ್‌ನೆಟ್ ಲೈನ್ ಕೊಟ್ಟು ಸಿಡಿ ಮಾಡಿ ಜಗತ್ತಿಗೆ ಹಂಚಿದ್ದು ಈ ಕಂಪನಿಯೇ. ಸ್ಲ್ಯಾಕ್‌ವೇರ್ ಲಿನಕ್ಸ್ ಸಿಡಿಗಳೂ ಇಲ್ಲಿಂದ ಹೊರಟವು. ಫ್ರೀಬಿಎಸ್‌ಡಿಯ ಮೂಲ ಮನೆ ಬೆಟ್ಟದ ಆಚೆ ಬದಿಯ ಬರ್ಕ್ಲಿ ವಿಶ್ವವಿದ್ಯಾಲಯ. ಅಲ್ಲಿಯ ಯುನಿಕ್ಸ್ ತಂಡ ತನ್ನ ಕೋಡನ್ನು ಎಸ್‌ಸಿಸಿಎಸ್ ಎಂಬ ವರ್ಷನ್ ಕಂಟ್ರೋಲ್‌ನಲ್ಲಿ ಇಟ್ಟಿತ್ತು. ಎಸ್‌ಸಿಸಿಎಸ್ 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಬರೆದದ್ದು. ಅಂದರೆ ಇದು ನಿನ್ನೆ ಮೊನ್ನೆಯ ಫ್ಯಾಶನ್ ಅಲ್ಲ, ಐವತ್ತು ವರ್ಷ ದಾಟಿದ ಅಭ್ಯಾಸ.

ಸಿಡಿ ಬಂದ ಮೇಲೆ ಶುರುವಾದ ತಲೆನೋವು

ಹೊಸ ಸಿಡಿ ಬಂತು, ಸಿಸ್ಟಮ್ ಹೊಸತು ಮಾಡಬೇಕು. ಪ್ರೋಗ್ರಾಂ ಫೈಲ್‌ಗಳನ್ನು ಕಣ್ಣು ಮುಚ್ಚಿ ಬದಲಾಯಿಸಬಹುದು. ಆದರೆ ಇ, ಟಿ, ಸಿ ಎಂಬ ಮೂರು ಅಕ್ಷರದ ಒಂದು ಫೋಲ್ಡರ್ ಉಂಟು. ಇದನ್ನು ಮುಂದೆ 'ಇಟಿಸಿ ಫೋಲ್ಡರ್' ಎಂದೇ ಬರೆಯುತ್ತೇವೆ. ಯುನಿಕ್ಸ್, ಲಿನಕ್ಸ್ ಎಲ್ಲದರಲ್ಲೂ ಸೆಟ್ಟಿಂಗ್‌ಗಳು, ಅಂದರೆ ಕಾನ್ಫಿಗ್ ಫೈಲ್‌ಗಳು, ಬಹುತೇಕ ಇರುವುದು ಇಲ್ಲಿ. ಇವು ಅರ್ಧ ಕಂಪನಿ ಕೊಟ್ಟದ್ದು, ಅರ್ಧ ನೀವು ತಿದ್ದಿದ್ದು. ಹೊಸತನ್ನು ಮೇಲೆ ಹಾಕಿದರೆ ನಿಮ್ಮ ತಿದ್ದುಪಡಿ ಹೋಯ್ತು. ಹಳತನ್ನೇ ಇಟ್ಟುಕೊಂಡರೆ ಹೊಸ ಪ್ರೋಗ್ರಾಂಗೆ ಬೇಕಾದ ಸಾಲು ಸಿಗಲಿಲ್ಲ.

ಶುರುವಿನಲ್ಲಿ ಹೊಸ ಫೈಲ್‌ಗಳನ್ನು ಬೇರೆ ಕಡೆ ಬಿಚ್ಚಿ, ಒಂದೊಂದನ್ನೇ ಹಳೆಯದರ ಪಕ್ಕ ಇಟ್ಟು ಕೈಯಲ್ಲಿ ಹೋಲಿಸುತ್ತಿದ್ದರು. ಆಮೇಲೆ ಫ್ರೀಬಿಎಸ್‌ಡಿಯಲ್ಲಿ ಮರ್ಜ್‌ಮಾಸ್ಟರ್ ಎಂಬ ಸಾಧನ ಬಂತು. ಪ್ರತಿ ಫೈಲಿನ ವ್ಯತ್ಯಾಸ ತೋರಿಸಿ, ಹೊಸತು ಹಾಕಲೋ, ಬಿಡಲೋ, ಎರಡನ್ನೂ ಬೆರೆಸಲೋ ಅಂತ ಅದು ಕೇಳುತ್ತದೆ. ಬೇಗ ಮುಗಿಸುವ ಆತುರದಲ್ಲಿ ಎಲ್ಲದಕ್ಕೂ 'ಹೊಸತು ಹಾಕು' ಅಂತ ಒತ್ತುತ್ತಾ ಹೋಗಿ, ಬಳಕೆದಾರರ ಪಾಸ್‌ವರ್ಡ್ ಪಟ್ಟಿಯ ಫೈಲೂ ಹೊಸತಾಗಿಬಿಟ್ಟರೆ ಕತೆ ಮುಗಿಯಿತು. ಹೊಸ ಫೈಲಿನಲ್ಲಿ ನಿಮ್ಮ ಆಫೀಸಿನ ಯಾರ ಹೆಸರೂ ಇರುವುದಿಲ್ಲ.

ಇದಕ್ಕೆ ಸರಿಯಾದ ಮದ್ದು ಬಂದದ್ದು ಮುಂದೆ ಎಟ್ಸಿ-ಅಪ್‌ಡೇಟ್ ಎಂಬ ಸಾಧನದಲ್ಲಿ. ಅದು ಎರಡಲ್ಲ, ಮೂರು ಫೈಲ್‌ಗಳನ್ನು ನೋಡುತ್ತದೆ: ಕಂಪನಿ ಹಿಂದೆ ಕೊಟ್ಟದ್ದು, ಕಂಪನಿ ಈಗ ಕೊಟ್ಟದ್ದು, ನಿಮ್ಮ ಕೈಯಲ್ಲಿರುವುದು. ಹಿಂದಿನದಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸ ನಿಮ್ಮ ತಿದ್ದುಪಡಿ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಕಂಪನಿಯ ತಿದ್ದುಪಡಿ. ಎರಡೂ ಬೇರೆ ಬೇರೆ ಸಾಲುಗಳಲ್ಲಿದ್ದರೆ ಯಂತ್ರವೇ ಬೆರೆಸುತ್ತದೆ, ಒಂದೇ ಸಾಲಿನಲ್ಲಿ ಡಿಕ್ಕಿ ಹೊಡೆದರೆ ಮಾತ್ರ ನಿಮ್ಮನ್ನು ಕೇಳುತ್ತದೆ. ಮುಂದೆ ಹೇಳುವುದೆಲ್ಲ ಈ ಮೂರು ಫೈಲಿನ ಲೆಕ್ಕದ ಮೇಲೆಯೇ ನಿಂತಿದೆ, ಹಾಗಾಗಿ ಇದೊಂದು ಪ್ಯಾರಾ ಇನ್ನೊಮ್ಮೆ ಓದಿದರೂ ನಷ್ಟವಿಲ್ಲ.

ಇವತ್ತಿನ ಲಿನಕ್ಸ್ ಏನು ಮಾಡುತ್ತದೆ?

ಉಬುಂಟು, ಡೆಬಿಯನ್‌ನಲ್ಲಿ ಡಿಪಿಕೆಜಿ ಎಂಬ ಪ್ಯಾಕೇಜ್ ವ್ಯವಸ್ಥೆ, ತಾನು ಹಿಂದೆ ಕೊಟ್ಟ ಕಾನ್ಫಿಗ್ ಫೈಲಿನ ಗುರುತು ಸಂಖ್ಯೆಯನ್ನು ನೆನಪಿಟ್ಟುಕೊಂಡಿರುತ್ತದೆ. ನೀವು ಆ ಫೈಲನ್ನು ಮುಟ್ಟಿಲ್ಲದಿದ್ದರೆ ಸದ್ದಿಲ್ಲದೆ ಹೊಸತು ಹಾಕುತ್ತದೆ. ನೀವು ತಿದ್ದಿದ್ದು, ಕಂಪನಿ ತಿದ್ದಿಲ್ಲ ಎಂದಾದರೆ ನಿಮ್ಮದನ್ನೇ ಬಿಡುತ್ತದೆ. ಇಬ್ಬರೂ ತಿದ್ದಿದ್ದರೆ ಮಾತ್ರ ನಿಂತು ಕೇಳುತ್ತದೆ: ವೈ ಒತ್ತಿದರೆ ಹೊಸತು, ಎನ್ ಒತ್ತಿದರೆ ಹಳತು, ಡಿ ಒತ್ತಿದರೆ ವ್ಯತ್ಯಾಸ ತೋರಿಸುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಹಳತೇ ಉಳಿಯುತ್ತದೆ. ಮೊದಲು ಡಿ ಒತ್ತಿ ನೋಡಿ, ಆಮೇಲೆ ಉತ್ತರ ಕೊಡಿ. ಇಲ್ಲಿ ಒಂದು ಕೊರತೆ ಉಂಟು. ಅದಕ್ಕೆ ನೆನಪಿರುವುದು ಹಳೆಯ ಫೈಲಿನ ಗುರುತು ಸಂಖ್ಯೆ ಮಾತ್ರ, ಒಳಗಿನ ಬರಹ ಅಲ್ಲ. ಹಾಗಾಗಿ ಮೂರು ಫೈಲ್ ಇಟ್ಟು ಬೆರೆಸಲು ಅದಕ್ಕೆ ಬರುವುದಿಲ್ಲ. ಆ ಹಳೆಯ ಬರಹವನ್ನು ಇಟ್ಟುಕೊಳ್ಳುವ ಕೆಲಸ ನಿಮ್ಮದು.

ರೆಡ್ ಹ್ಯಾಟ್ ಕುಟುಂಬದಲ್ಲಿ ಆರ್‌ಪಿಎಂ ಏನನ್ನೂ ಕೇಳುವುದೇ ಇಲ್ಲ. ಕೆಲವು ಫೈಲ್‌ಗಳಿಗೆ ನಿಮ್ಮದನ್ನು ಬಿಟ್ಟು ಹೊಸತನ್ನು ಪಕ್ಕದಲ್ಲಿ 'ಆರ್‌ಪಿಎಂನ್ಯೂ' ಎಂಬ ಬಾಲ ಹಚ್ಚಿ ಇಡುತ್ತದೆ. ಕೆಲವಕ್ಕೆ ಹೊಸತನ್ನು ಹಾಕಿ ನಿಮ್ಮದನ್ನು 'ಆರ್‌ಪಿಎಂಸೇವ್' ಎಂದು ಬದಿಗೆ ಸರಿಸುತ್ತದೆ. ಅಪ್‌ಡೇಟ್ ಆದ ಮೇಲೆ ಇಟಿಸಿ ಫೋಲ್ಡರ್‌ನಲ್ಲಿ ಈ ಎರಡು ಬಾಲಗಳನ್ನು ಹುಡುಕದೆ ಮನೆಗೆ ಹೋಗಬೇಡಿ. ಡೆಬಿಯನ್ ಕಡೆ ಇದೇ ಬಾಲಗಳ ಹೆಸರು 'ಡಿಪಿಕೆಜಿ-ಡಿಸ್ಟ್', 'ಡಿಪಿಕೆಜಿ-ಓಲ್ಡ್'. ಸ್ಲ್ಯಾಕ್‌ವೇರ್‌ನಲ್ಲಿ ಬರೇ 'ನ್ಯೂ'.

ಇಟಿಸಿಕೀಪರ್: ಹಾಕಿ ಬಿಟ್ಟರೆ ಸಾಕು

ಗಿಟ್ ಹೆಸರು ಕೇಳಿರಬಹುದು. 2005ರ ಏಪ್ರಿಲ್‌ನಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕೋಡ್ ನೋಡಿಕೊಳ್ಳಲು ಬರೆದ ವರ್ಷನ್ ಕಂಟ್ರೋಲ್ ಅದು. ಗಿಟ್‌ನಲ್ಲಿ ಒಂದೊಂದು ಬದಲಾವಣೆಯ ದಾಖಲೆಗೆ ಕಮಿಟ್ ಎಂದು ಹೆಸರು. ಇಟಿಸಿ ಫೋಲ್ಡರನ್ನು ನೇರವಾಗಿ ಗಿಟ್‌ಗೆ ಹಾಕಬಹುದು, ಆದರೆ ಎರಡು ತೊಡಕು. ಒಂದು, ಫೈಲಿನ ಮಾಲೀಕ ಯಾರು, ಯಾರು ಓದಬಹುದು ಎಂಬ ಅನುಮತಿಗಳನ್ನು ಗಿಟ್ ಪೂರ್ತಿ ನೆನಪಿಡುವುದಿಲ್ಲ. ಪಾಸ್‌ವರ್ಡ್ ಫೈಲಿಗೆ ಇದು ಅಪಾಯ. ಎರಡು, ನಾವು ಮರೆಯುತ್ತೇವೆ. ಈ ಎರಡಕ್ಕೂ ಜೋಯಿ ಹೆಸ್ ಎಂಬ ಡೆಬಿಯನ್ ಡೆವಲಪರ್ 2007ರಲ್ಲಿ ಬರೆದ ಉತ್ತರ ಇಟಿಸಿಕೀಪರ್. ಇ, ಟಿ, ಸಿ, ನಂತರ ಕೀಪರ್, ನಡುವೆ ಸ್ಪೇಸ್ ಇಲ್ಲ.

(ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಮಾಡಬೇಕು.)

ಉಬುಂಟುವಿನಲ್ಲಿ 'ಸುಡೋ ಆಪ್ಟ್ ಇನ್‌ಸ್ಟಾಲ್ ಗಿಟ್ ಇಟಿಸಿಕೀಪರ್' ಎಂದರೆ ಆಯಿತು. ಆ ಕ್ಷಣದ ಎಲ್ಲ ಕಾನ್ಫಿಗ್ ಫೈಲ್‌ಗಳ ಮೊದಲ ಕಮಿಟ್ ಅದೇ ಮಾಡಿಕೊಳ್ಳುತ್ತದೆ. ರೆಡ್ ಹ್ಯಾಟ್ ಬಗೆಯವುಗಳಲ್ಲಿ ಎಪೆಲ್ ಎಂಬ ಹೆಚ್ಚುವರಿ ಭಂಡಾರದಿಂದ ಹಾಕಬೇಕು, ಆಮೇಲೆ 'ಸುಡೋ ಇಟಿಸಿಕೀಪರ್ ಇನಿಟ್', ಅದರ ಹಿಂದೆ 'ಸುಡೋ ಇಟಿಸಿಕೀಪರ್ ಕಮಿಟ್' ಅಂತ ಕೈಯಲ್ಲಿ ಕೊಡಬೇಕು.

ಅಲ್ಲಿಂದ ಮುಂದೆ ಅಪ್‌ಡೇಟ್ ಶುರುವಾಗುವ ಮುಂಚೆ, ಯಾರೋ ತಿದ್ದಿ ದಾಖಲಿಸದೆ ಬಿಟ್ಟ ಬದಲಾವಣೆ ಇದ್ದರೆ ಅದನ್ನು ಪ್ರತ್ಯೇಕ ಕಮಿಟ್ ಆಗಿ ಉಳಿಸುತ್ತದೆ. ಅಪ್‌ಡೇಟ್ ಮುಗಿದ ಮೇಲೆ, ಅಪ್‌ಡೇಟ್‌ನಿಂದ ಆದ ಬದಲಾವಣೆಯನ್ನು ಇನ್ನೊಂದು ಕಮಿಟ್ ಮಾಡುತ್ತದೆ. ಮನುಷ್ಯ ಮಾಡಿದ್ದು ಬೇರೆ, ಯಂತ್ರ ಮಾಡಿದ್ದು ಬೇರೆ. ಮ್ಯಾನೇಜರ್ ಕೇಳುವ "ಯಾರು ಮುಟ್ಟಿದ್ದು" ಪ್ರಶ್ನೆಗೆ ಇಲ್ಲೇ ಉತ್ತರ. ಇಟಿಸಿ ಫೋಲ್ಡರ್‌ಗೆ ಹೋಗಿ 'ಸುಡೋ ಗಿಟ್ ಲಾಗ್' ಅಂದರೆ ಪಟ್ಟಿ ಬರುತ್ತದೆ. 'ಸುಡೋ ಗಿಟ್ ಶೋ' ಎಂದು ಕಮಿಟ್ ನಂಬರ್ ಕೊಟ್ಟರೆ ತೆಗೆದ ಸಾಲಿಗೆ ಮೈನಸ್, ಸೇರಿಸಿದ ಸಾಲಿಗೆ ಪ್ಲಸ್ ಗುರುತು ಕಾಣುತ್ತದೆ.

ಒಂದು ಮುಖ್ಯ ಮಾತು. ಸುಡೋ ಬಳಸಿ ಕಮಿಟ್ ಮಾಡಿದಾಗ ಇಟಿಸಿಕೀಪರ್ ನಿಮ್ಮ ಸ್ವಂತ ಲಾಗಿನ್ ಹೆಸರನ್ನೇ ದಾಖಲಿಸುತ್ತದೆ. ಆದರೆ ನಮ್ಮ ಎಷ್ಟೋ ಆಫೀಸುಗಳಲ್ಲಿ ನಾಲ್ಕು ಜನ ಒಂದೇ ರೂಟ್ ಪಾಸ್‌ವರ್ಡ್ ಹಂಚಿಕೊಂಡಿರುತ್ತಾರೆ. ಆಗ ಎಲ್ಲ ಕಮಿಟ್‌ಗೂ 'ರೂಟ್' ಅಂತಲೇ ಹೆಸರು. ಹೊರಗಿನ ವೆಂಡರ್ ಬಂದು ಸೆಟ್ಟಿಂಗ್ ಕೆಡಿಸಿ ಹೋದರೂ ಗೊತ್ತಾಗುವುದಿಲ್ಲ, ಮಾತು ಕೇಳುವುದು ಅಲ್ಲಿ ಕೂತಿರುವವನು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಸಿ. ಅದಕ್ಕೆ ಒಂದು ರಿಯಾಲ್, ಒಂದು ದಿರ್ಹಮ್ ಖರ್ಚಿಲ್ಲ.

ಕಮಿಟ್ ಮಾಡುವಾಗ ಬರೆಯುವ ಟಿಪ್ಪಣಿ 'ಚೇಂಜ್', 'ಅಪ್‌ಡೇಟ್' ಅಂತ ಇರಬಾರದು. ಏನು ಬದಲಾಯಿತು ಎಂಬುದು ಹೇಗೂ ಕಾಣುತ್ತದೆ, ಯಾಕೆ ಎಂಬುದು ಕಾಣುವುದಿಲ್ಲ. 'ಅಕೌಂಟ್ಸ್ ವಿಭಾಗಕ್ಕೆ ದೊಡ್ಡ ಇನ್‌ವಾಯ್ಸ್ ಹಾಕಲು ಮಿತಿ 2ರಿಂದ 20 ಎಂಬಿಗೆ, ಮ್ಯಾನೇಜರ್ ಇಮೇಲ್ ಪ್ರಕಾರ' ಅಂತ ಬರೆಯಿರಿ. ಸರಳ ಇಂಗ್ಲಿಷಿನಲ್ಲೇ ಇರಲಿ. ನಾಳೆ ಅದನ್ನು ಓದುವವನು ಫಿಲಿಪಿನೊ ಇರಬಹುದು, ಈಜಿಪ್ಟ್‌ನವನು ಇರಬಹುದು.

ಪಿಎಚ್‌ಪಿ ಉದಾಹರಣೆ

ಮೇಲಿನ ಇನ್‌ವಾಯ್ಸ್ ಮಾತು ಸುಮ್ಮನೆ ಹೇಳಿದ್ದಲ್ಲ. ಉಬುಂಟು 20.04ರಲ್ಲಿ ಪಿಎಚ್‌ಪಿ 7.4, 22.04ರಲ್ಲಿ 8.1. ಎರಡರ ಕಾನ್ಫಿಗ್ ಫೈಲ್‌ಗಳೂ ಬೇರೆ ಬೇರೆ ಫೋಲ್ಡರ್‌ನಲ್ಲಿ. ಸಿಸ್ಟಮ್ ಅಪ್‌ಗ್ರೇಡ್ ಆದಾಗ ಹಳೆಯ ಫೋಲ್ಡರ್‌ನಲ್ಲಿ ನೀವು ತಿದ್ದಿದ್ದು ಹೊಸದಕ್ಕೆ ಬರುವುದಿಲ್ಲ, ಯಾವ ಪ್ರಶ್ನೆಯೂ ಕೇಳುವುದಿಲ್ಲ. ಫೈಲ್ ಅಪ್‌ಲೋಡ್ ಮಿತಿ ಮತ್ತೆ ಮೂಲದ 2 ಎಂಬಿಗೆ ಇಳಿಯುತ್ತದೆ. ಸಣ್ಣ ಬಿಲ್ ಹೋಗುತ್ತದೆ, ಸ್ಕ್ಯಾನ್ ಮಾಡಿದ ದೊಡ್ಡ ಬಿಲ್ ಹೋಗುವುದಿಲ್ಲ. ಇಂಥ ಅರ್ಧ ಕೆಟ್ಟ ಸ್ಥಿತಿ ಪೂರ್ತಿ ಕೆಟ್ಟದ್ದಕ್ಕಿಂತ ಕಷ್ಟ, ಕಾರಣ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಇಟಿಸಿಕೀಪರ್ ಮೊದಲಿಂದ ಇದ್ದರೆ, 7.4ರ ಕಾನ್ಫಿಗ್ ಫೈಲಿನ ಹೆಸರು ಕೊಟ್ಟು ಲಾಗ್ ಕೇಳಿದರೆ, ವರ್ಷಗಳಿಂದ ಅದರಲ್ಲಿ ನೀವು ತಿದ್ದಿದ ಅಷ್ಟೂ ಸಾಲು ಯಾಕೆ ಎಂಬ ಟಿಪ್ಪಣಿ ಸಮೇತ ಸಿಗುತ್ತವೆ. ಅವನ್ನು ಹೊಸ ಫೈಲಿನಲ್ಲಿ ಮತ್ತೆ ಹಾಕುವುದು ಹತ್ತು ನಿಮಿಷದ ಕೆಲಸ. ಹಳೆಯ ಫೈಲನ್ನೇ ಇಡಿಯಾಗಿ ಹೊಸ ಕಡೆಗೆ ಕಾಪಿ ಮಾಡಬೇಡಿ, ಹೊಸ ವರ್ಷನ್‌ನಲ್ಲಿ ಕೆಲವು ಸಾಲುಗಳ ಅರ್ಥವೇ ಬದಲಾಗಿರುತ್ತದೆ.

ನಿಮಗಿಂತ ಮುಂಚಿನವರು ನಡೆಸಿದ ಸರ್ವರ್ ನಿಮ್ಮ ಕೈಗೆ ಬಂದಿದ್ದರೆ? ಅವರು ಏನೇನು ತಿದ್ದಿದ್ದಾರೆ ಅಂತ ಅಂದಾಜು ಮಾಡಲು ದಾರಿ ಉಂಟು. ಡೆಬಿಯನ್ ಬಗೆಯಲ್ಲಿ 'ಡೆಬ್‌ಸಮ್ಸ್' ಎಂಬ ಪ್ಯಾಕೇಜ್ ಹಾಕಿ ಕಾನ್ಫಿಗ್ ಫೈಲ್‌ಗಳನ್ನು ಪರೀಕ್ಷಿಸಿದರೆ ಮೂಲದಿಂದ ಬದಲಾದವುಗಳ ಪಟ್ಟಿ ಕೊಡುತ್ತದೆ. ಆರ್‌ಪಿಎಂನಲ್ಲಿ ವೆರಿಫೈ ಆಯ್ಕೆ ಉಂಟು, ಅದರ ಪಟ್ಟಿಯಲ್ಲಿ 'ಸಿ' ಗುರುತಿನವು ಕಾನ್ಫಿಗ್ ಫೈಲ್‌ಗಳು. ಈ ಪಟ್ಟಿ ಮಾಡಿಕೊಂಡು, ಇಟಿಸಿಕೀಪರ್ ಹಾಕಿ, ಆಮೇಲೆಯೇ ಅಪ್‌ಡೇಟ್.

ಹಿಂದಕ್ಕೆ ತರುವುದು

ಒಂದು ಫೈಲನ್ನು ಹಳೆಯ ಸ್ಥಿತಿಗೆ ತರಲು: 'ಸುಡೋ ಗಿಟ್ ಚೆಕ್‌ಔಟ್', ಕಮಿಟ್ ನಂಬರ್, ಎರಡು ಹೈಫನ್, ಫೈಲಿನ ಹೆಸರು. ಫೈಲಿನ ಹೆಸರು ಮರೆತರೆ ಇಡೀ ಇಟಿಸಿ ಫೋಲ್ಡರ್ ಹಿಂದಕ್ಕೆ ಹೋಗುತ್ತದೆ, ಜಾಗ್ರತೆ. ತಂದ ಮೇಲೆ ಅನುಮತಿಗಳು ಸರಿ ಇವೆಯೇ ನೋಡಿ. 'ಸುಡೋ ಇಟಿಸಿಕೀಪರ್ ಇನಿಟ್' ಇನ್ನೊಮ್ಮೆ ಕೊಟ್ಟರೆ ದಾಖಲಾದ ಅನುಮತಿಗಳನ್ನು ಮತ್ತೆ ಹಚ್ಚುತ್ತದೆ. ಆಮೇಲೆ ಸರ್ವಿಸ್ ರೀಸ್ಟಾರ್ಟ್. ಎಸ್‌ಎಸ್‌ಎಚ್ ಕಾನ್ಫಿಗ್ ಮುಟ್ಟಿದ್ದರೆ ರೀಸ್ಟಾರ್ಟ್‌ಗೆ ಮುಂಚೆ 'ಸುಡೋ ಎಸ್‌ಎಸ್‌ಎಚ್‌ಡಿ ಹೈಫನ್ ಟಿ' ಎಂದು ಪರೀಕ್ಷಿಸಿ, ಇನ್ನೊಂದು ಲಾಗಿನ್ ಕಿಟಕಿ ತೆರೆದೇ ಇಟ್ಟುಕೊಳ್ಳಿ. ಸರ್ವರ್ ಇರುವುದು ಜುಬೈಲ್‌ನಲ್ಲಿ, ನೀವಿರುವುದು ರಿಯಾದ್‌ನಲ್ಲಿ ಆದರೆ ಬೀಗ ಒಳಗಿಂದ ಹಾಕಿಕೊಂಡ ಹಾಗೆ.

ರೂಟರ್, ಸ್ವಿಚ್ ನೋಡಿಕೊಳ್ಳುವವರಿಗೂ ಇದೇ ಲೆಕ್ಕ. ಮೈಕ್ರೋಟಿಕ್‌ನಲ್ಲಿ ಬ್ಯಾಕಪ್ ಫೈಲ್ ಮಾತ್ರ ತೆಗೆದಿಟ್ಟರೆ ಅದನ್ನು ಓದಿ ಹೋಲಿಸಲು ಆಗುವುದಿಲ್ಲ. 'ಎಕ್ಸ್‌ಪೋರ್ಟ್' ಕೊಟ್ಟರೆ ಅಕ್ಷರ ರೂಪದ ಫೈಲ್ ಸಿಗುತ್ತದೆ, ಅದನ್ನು ಗಿಟ್‌ಗೆ ಹಾಕಬಹುದು. ಅದರಲ್ಲಿ ಸೇಫ್ ಮೋಡ್ ಸಹ ಉಂಟು, ಲೈನ್ ಕಡಿದರೆ ಮಾಡಿದ್ದನ್ನೆಲ್ಲ ತಾನೇ ರದ್ದು ಮಾಡುತ್ತದೆ. ಸಿಸ್ಕೊದಲ್ಲಿ ದೂರದಿಂದ ಬದಲಾಯಿಸುವ ಮೊದಲು 'ರೀಲೋಡ್ ಇನ್ 10' ಕೊಡುವುದು ಹಳೆಯ ಉಪಾಯ. ಕೈ ತಪ್ಪಿದರೆ ಹತ್ತು ನಿಮಿಷಕ್ಕೆ ಉಳಿಸಿದ್ದ ಹಳೆಯ ಕಾನ್ಫಿಗ್‌ನಲ್ಲಿ ಎದ್ದು ನಿಲ್ಲುತ್ತದೆ. ಎಲ್ಲ ಸರಿಯಾದರೆ ರದ್ದು ಮಾಡುವುದನ್ನು ಮರೆಯಬಾರದು ಅಷ್ಟೇ. ಸಾಧನಗಳು ಹತ್ತಿಪ್ಪತ್ತು ಇದ್ದರೆ ರಾನ್ಸಿಡ್, ಆಕ್ಸಿಡೈಸ್ಡ್ ಎಂಬ ಉಚಿತ ಪ್ರೋಗ್ರಾಂಗಳು ಅವುಗಳ ಕಾನ್ಫಿಗ್ ತಾವಾಗಿಯೇ ಎಳೆದು ದಾಖಲಿಸುತ್ತವೆ.

ಇದರಿಂದ ಆಗದ್ದು

ಎಲ್ಲ ರೋಗಕ್ಕೂ ಇದು ಮದ್ದಲ್ಲ. ಇಟಿಸಿಕೀಪರ್‌ನ ದಾಖಲೆ ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಹೋದರೆ ಅದೂ ಹೋಯ್ತು, ಬ್ಯಾಕಪ್ ಬೇರೆಯೇ ಬೇಕು. ಡೇಟಾಬೇಸ್, ವೆಬ್‌ಸೈಟ್ ಫೋಲ್ಡರ್ ಇದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ನಿಮ್ಮ ಫೈಲ್ ಒಂದಕ್ಷರ ಬದಲಾಗದಿದ್ದರೂ ಪ್ರೋಗ್ರಾಂನ ಒಳಗಿನ ಮೂಲ ಸೆಟ್ಟಿಂಗ್ ಬದಲಾಗಿರಬಹುದು. 2021ರ ಓಪನ್‌ಎಸ್‌ಎಸ್‌ಎಚ್ 8.8ರಲ್ಲಿ ಹಳೆಯ ಬಗೆಯ ಆರ್‌ಎಸ್‌ಎ ಸಹಿಯನ್ನು ಮೂಲದಲ್ಲೇ ನಿಲ್ಲಿಸಿದರು. ಅದಾದ ಮೇಲೆ ಹೊಸ ಉಬುಂಟುವಿಗೆ ಹಾರಿದವರಿಗೆ ಹಳೆಯ ಸಾಧನಗಳ ಜತೆ ಸಂಪರ್ಕ ಕಡಿಯಿತು, ಗಿಟ್‌ನಲ್ಲಿ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ. ಹಾಗಾಗಿ ರಿಲೀಸ್ ನೋಟ್ಸ್ ಓದುವ ಬೇಸರದ ಕೆಲಸದಿಂದ ಬಿಡುಗಡೆ ಇಲ್ಲ.

ಗುಟ್ಟಿನ ವಿಷಯ ಎಲ್ಲಕ್ಕಿಂತ ದೊಡ್ಡದು. ಇಟಿಸಿ ಫೋಲ್ಡರ್‌ನಲ್ಲಿ ಪಾಸ್‌ವರ್ಡ್‌ಗಳ ಗೂಢ ರೂಪ, ವಿಪಿಎನ್ ಕೀ, ಸರ್ಟಿಫಿಕೇಟ್ ಕೀ ಎಲ್ಲ ಇರುತ್ತವೆ, ದಾಖಲೆಯಲ್ಲೂ ಇರುತ್ತವೆ. ಫೈಲನ್ನು ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಉಳಿಯುತ್ತವೆ. ಇದನ್ನು ಇಂಟರ್‌ನೆಟ್‌ನಲ್ಲಿರುವ ನಿಮ್ಮ ಸ್ವಂತ ಗಿಟ್‌ಹಬ್ ಖಾತೆಗೆ ಹಾಕುವುದು ಬೇಡವೇ ಬೇಡ, ಪ್ರೈವೇಟ್ ಅಂತ ಇದ್ದರೂ ಬೇಡ. ಕಂಪನಿಯದೇ ಇನ್ನೊಂದು ಯಂತ್ರಕ್ಕೆ, ಬರಹದಲ್ಲಿ ಅನುಮತಿ ಪಡೆದು ಪ್ರತಿ ಇಡಿ. ಯುಎಇಯಲ್ಲಿ ಸೈಬರ್ ಅಪರಾಧಗಳ ಕುರಿತ 2021ರ 34ನೇ ಸಂಖ್ಯೆಯ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಅನುಮತಿ ಇಲ್ಲದೆ ಮಾಹಿತಿ ಹೊರಗೆ ಹಾಕುವುದನ್ನು ಅದು ಅಪರಾಧ ಎಂದೇ ನೋಡುತ್ತದೆ. ಒಳ್ಳೆಯ ಉದ್ದೇಶಕ್ಕೆ ಮಾಡಿದೆ ಎಂದು ಪೊಲೀಸ್ ಠಾಣೆಯಲ್ಲಿ ವಿವರಿಸುವ ಪರಿಸ್ಥಿತಿ ಯಾರಿಗೂ ಬೇಡ.

ರಜೆಗೆ ಹೋಗುವಾಗ

ಎರಡು ವರ್ಷಕ್ಕೊಮ್ಮೆ ಊರಿಗೆ ಬಂದವರು ಮದುವೆ ಮನೆಯಲ್ಲಿ ಕೂತು ವಾಟ್ಸಪ್‌ನಲ್ಲಿ ಸರ್ವರ್ ರಿಪೇರಿ ಮಾಡುವುದು ನಾವೆಲ್ಲ ನೋಡಿದ ದೃಶ್ಯ. ಮನೆಯವರಿಗೂ ಅದು ಕಿರಿಕಿರಿ. ಹೋಗುವ ಮುಂಚೆ ಬದಲಿ ಬಂದವರಿಗೆ ಒಂದು ಅಪ್‌ಡೇಟನ್ನು ನಿಮ್ಮ ಎದುರೇ ಮಾಡಿಸಿ, ಬೇಕೆಂದೇ ಒಂದು ಫೈಲನ್ನು ಹಿಂದಕ್ಕೆ ತರಿಸಿ. ಹೇಳಿಕೊಟ್ಟದ್ದಕ್ಕಿಂತ ಕೈಯಲ್ಲಿ ಮಾಡಿದ್ದು ನೆನಪಿರುತ್ತದೆ.

ಸಹಾಯಕ್ಕೆ ಬೇ ಏರಿಯಾದಲ್ಲಿ ತಮ್ಮನೋ ಗೆಳೆಯನೋ ಇದ್ದರೆ, ಡ್ಯಾನ್‌ವಿಲ್‌ಗೂ ದುಬೈಗೂ ಚಳಿಗಾಲದಲ್ಲಿ ಸರಿಯಾಗಿ 12 ಗಂಟೆ, ಬೇಸಿಗೆಯಲ್ಲಿ 11 ಗಂಟೆ ವ್ಯತ್ಯಾಸ ಎಂಬುದು ನೆನಪಿರಲಿ. ಸೌದಿ, ಕತಾರ್, ಕುವೈತ್‌ಗೆ ಒಂದು ಗಂಟೆ ಕಡಿಮೆ. ನಿಮ್ಮ ರಾತ್ರಿ ಹತ್ತರ ಅಪ್‌ಡೇಟ್ ಹೊತ್ತಿಗೆ ಅವರಿಗೆ ಬೆಳಗಿನ ಹೊತ್ತು, ಫೋನ್ ಎತ್ತುತ್ತಾರೆ. ಅವರಿಗೆ ಸರ್ವರ್ ಪಾಸ್‌ವರ್ಡ್ ಕೊಡಬೇಡಿ, ಫೈಲನ್ನೂ ಕಳಿಸಬೇಡಿ. ತಪ್ಪು ತೋರುತ್ತಿರುವ ಒಂದೆರಡು ಸಾಲನ್ನು, ಹೆಸರು ಮತ್ತು ಐಪಿ ನಂಬರ್ ತೆಗೆದು, ಓದಿ ಹೇಳಿದರೆ ಸಾಕು.

ಹೊರಡುವ ದಿನ ಕೊನೆಯದಾಗಿ 'ಸುಡೋ ಇಟಿಸಿಕೀಪರ್ ಕಮಿಟ್' ಮಾಡಿ, ಟಿಪ್ಪಣಿಯಲ್ಲಿ 'ಹ್ಯಾಂಡೋವರ್' ಎಂದು ತಾರೀಖು ಸಮೇತ ಬರೆಯಿರಿ. ಆ ಕಮಿಟ್ ನಂಬರಿನ ಮೊದಲ ಏಳು ಅಕ್ಷರಗಳನ್ನು ಹ್ಯಾಂಡೋವರ್ ಪತ್ರದಲ್ಲಿ ಸೇರಿಸಿ, ಬದಲಿ ವ್ಯಕ್ತಿ ಮತ್ತು ಮ್ಯಾನೇಜರ್ ಇಬ್ಬರ ಸಹಿ ತೆಗೆದುಕೊಳ್ಳಿ. ಪತ್ರದ ಒಂದು ಪ್ರತಿ ನಿಮ್ಮ ಬಳಿ ಇರಲಿ.